ನಗೋ ಮಾತಾ, ಹೊಡೆಯೋ ಮಾತಾ?

ಓದುಗರ ಪತ್ರ:

ಮೇಡಂ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತೇವೆ. ಮನೆಯಲ್ಲಿ ಅತ್ತೆ, ನನ್ನ ಯಜಮಾನರು, ಮೈದುನ, ನಾನು ಮತ್ತು ನಾಲ್ಕೂವರೆ ವರ್ಷದ ಮಗಳು ಇದ್ದೇವೆ. ಮಗಳಿಗೆ ಮಾತು ಜಾಸ್ತಿ. ಚರ್ಮ ಕಳಚುವ ಮೊದಲು ಹುಳು ಮೇವು ಬಿಟ್ಟು ಸುಮ್ಮನಿರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ ಎಂದು ನಾವು ಮಾತಾಡಿಕೊಂಡಿದ್ದನ್ನು ಕೇಳಿ, ತನ್ನ ಜ್ವರದ ಸಿರಪ್ಪಿನ ಬಾಟಲಿ ಹಿಡಿದು ಹುಳುಮನೆಗೆ ಬಂದಿದ್ದಳು. 'ಕೊಟ್ಟೆ' ಎನ್ನುವ ಬದಲು 'ಕೊಡಿದೆ' ಎನ್ನುತ್ತಾಳೆ. ಇದಕ್ಕೆಲ್ಲ ಮನೆಮಂದಿ ನಗುತ್ತಿದ್ದೆವು.

ಬಾಣಂತನಕ್ಕೆ ಬಂದಿರುವ ನಾದಿನಿಯ ಮಗುವಿಗೆ ಹೋದ ತಿಂಗಳು ನಮ್ಮ ಮನೆಯಲ್ಲೇ ನಾಮಕರಣ ಮಾಡಿದೆವು. ಬೀಗರೆಲ್ಲ ಬಂದಿದ್ದರು. ಅವರಲ್ಲೊಬ್ಬರು ನನ್ನ ಅತ್ತೆಯನ್ನು ನೋಡಿ, "ಅಜ್ಜಿ ಹಣ್ಣಾಗ್ಬಿಟ್ಟವ್ರೆ" ಎಂದರು. ಪಕ್ಕದಲ್ಲಿದ್ದ ನನ್ನ ಮಗಳು, "ಹಂಗಾದ್ರೆ ಅಜ್ಜೀನ ಯಾವಾಗ ಚಂದ್ರಿಕೆಗೆ ಬಿಡ್ತೀರಾ?" ಎಂದು ಕೇಳಿದಳು. (ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ.) ಚಪ್ಪರವೇ ಬಿದ್ದುಹೋಗುವಂತೆ ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಆದರೆ ರಾತ್ರಿ ಊಟ ಮಾಡಲಿಲ್ಲ. "ಮಗು ತಾನಾಗಿ ಇಂಥ ಮಾತಾಡೋದಿಲ್ಲ, ಯಾರೋ ಹೇಳಿಕೊಟ್ಟಿದ್ದಾರೆ" ಎಂದು ಅಂದಿನಿಂದ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಯಜಮಾನರು ಅದನ್ನು ವಿಡಿಯೊ ಮಾಡಿಕೊಂಡು ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು, ಮೈದುನ ಸ್ಟೇಟಸ್ ಹಾಕಿಕೊಂಡು ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಕೂಡ ಮಾಡಿದ. ಈಗ ಮನೆಗೆ ಬಂದವರೆಲ್ಲ "ಆ ಮಾತು ಇನ್ನೊಂದ್ಸಲ ಹೇಳು" ಎನ್ನುತ್ತಾರೆ, ಅವಳು ಹೇಳುತ್ತಾಳೆ. ಒಂದು ದಿನ ಅತ್ತೆಯ ಎದುರಿಗೇ ಹೇಳಿದಾಗ ನಾನು ಹೊಡೆದುಬಿಟ್ಟೆ. ಇದರ ಮೇಲೆ ಮೊನ್ನೆ ನಾದಿನಿಗೆ, "ಅತ್ತೆ, ನೀವು ಊರಿಗೆ ಹೋದ್ಮೇಲೆ ಅಮ್ಮ ಹಾಯಾಗಿ ಮಲಗ್ತಾಳಂತೆ" ಎಂದಳು. ನಾನು ಹಾಗೆ ಅಂದದ್ದು ನಿಜ. ಈಗೀಗ ಮಗಳು ಬಾಯಿ ತೆರೆಯುವ ಮೊದಲು ನನ್ನ ಮುಖ ನೋಡಿ, "ಅಮ್ಮ, ಇದು ನಗೋ ಮಾತಾ, ಹೊಡೆಯೋ ಮಾತಾ?" ಎಂದು ಕೇಳುತ್ತಾಳೆ. ನಾನು ನಗಬೇಕೇ, ಗದರಬೇಕೇ?

ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ:

ಪ್ರಿಯ ಸೋದರಿ,

ನಗುವುದೋ ಗದರುವುದೋ ಎಂಬುದನ್ನು ಆಮೇಲೆ ನೋಡೋಣ. ಮೊದಲು ಆಗಬೇಕಾದದ್ದು, ನಿಮ್ಮ ಮಗಳು ಆ ದಿನ ಕೇಳಿದ ಪ್ರಶ್ನೆಯನ್ನು ಅವಳ ಕಡೆಯಿಂದ ಒಮ್ಮೆ ಕೇಳಿಸಿಕೊಳ್ಳುವುದು. ಹುಳು ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದ ಆ ಮಗುವಿಗೆ ಹಣ್ಣಾಗುವುದು ಎಂದರೆ ಏನೆಂದು ನೀವೇ ತೋರಿಸಿಕೊಟ್ಟಿದ್ದೀರಿ. ನಾಲ್ಕು ಜ್ವರ ದಾಟಿದ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈಯೆಲ್ಲ ತಿಳಿಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವ ಹೊತ್ತಿಗೆ, ಮನೆಮಂದಿಯೆಲ್ಲ ಬೇರೆ ಕೆಲಸ ಬದಿಗಿಟ್ಟು, ಒಂದು ಹುಳುವೂ ತಪ್ಪದಂತೆ ಆರಿಸಿ ಚಂದ್ರಿಕೆಗೆ ಬಿಡುವುದನ್ನು ಅವಳು ಬೆಳೆ ಬೆಳೆಗೂ ಕಂಡಿದ್ದಾಳೆ. ಅದು ನಿಮ್ಮ ಮನೆಯಲ್ಲಿ ಸಂಭ್ರಮದ ಕೆಲಸ, ಏಕೆಂದರೆ ಅದರ ಹಿಂದೆಯೇ ಗೂಡಿನ ಮಾರುಕಟ್ಟೆಯ ದುಡ್ಡು ಬರುತ್ತದೆ. ಅಜ್ಜಿ ಹಣ್ಣಾಗಿದ್ದಾರೆ ಎಂದು ನೆಂಟರೊಬ್ಬರು ಹೇಳಿದಾಗ, ದೊಡ್ಡವರು ಗದ್ದಲದಲ್ಲಿ ಮರೆತ ಕೆಲಸವೊಂದನ್ನು ಅವಳು ನೆನಪಿಸಿದ್ದಾಳೆ. ಅವಳ ಮಟ್ಟಿಗೆ ಅದು ಅಜ್ಜಿಯ ಬಗೆಗಿನ ಕಾಳಜಿಯ ಮಾತು.

ಅಜ್ಜಿ ಕೇಳಿಸಿಕೊಂಡದ್ದು ಮಾತ್ರ ಪೂರ್ತಿ ಬೇರೆ. ಚಂದ್ರಿಕೆ ಬಿದಿರಿನದು, ಮುದಿವಯಸ್ಸಿನಲ್ಲಿ ಬಿದಿರು ಎಂದೊಡನೆ ಮನಸ್ಸು ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೀಗರ ಮುಂದೆ, ತಮ್ಮದೇ ಮನೆಯ ಚಪ್ಪರದಡಿ, ತಮ್ಮ ಸಾವನ್ನು ನೆನಪಿಸುವ ಮಾತಿಗೆ ಇಡೀ ಬಳಗ ನಗುವಾಗ ತಾವೂ ನಗಬೇಕಾಗಿ ಬಂದದ್ದು ಸಣ್ಣ ಅವಮಾನವಲ್ಲ. ಅವರನ್ನು ಮಗುವಿನ ಮಾತಿಗಿಂತ ಹೆಚ್ಚಾಗಿ ಆ ನಗು ನೋಯಿಸಿದೆ ಎಂದೇ ನನಗೆ ತೋರುತ್ತದೆ.

ನಾಲ್ಕೂವರೆ ವರ್ಷದ ಮಗುವಿಗೆ ಇದು ಏಕೆ ತಿಳಿಯಲಿಲ್ಲ ಎಂದು ಕೇಳುವವರಿಗೆ, 1983ರಲ್ಲಿ ಹೈನ್ಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗವನ್ನು ಹೇಳಬಹುದು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ, ಅವನಿಲ್ಲದಾಗ ತಾಯಿ ಅದನ್ನು ಇನ್ನೊಂದು ಕಪಾಟಿಗೆ ಇಡುತ್ತಾಳೆ, ಮರಳಿ ಬಂದ ಮ್ಯಾಕ್ಸಿ ಅದನ್ನು ಎಲ್ಲಿ ಹುಡುಕುತ್ತಾನೆ ಎಂಬುದು ಮಕ್ಕಳಿಗೆ ಹಾಕಿದ ಪ್ರಶ್ನೆ. ತೀರ ಚಿಕ್ಕ ಮಕ್ಕಳು, ತಮಗೆ ಗೊತ್ತಿರುವುದು ಮ್ಯಾಕ್ಸಿಗೂ ಗೊತ್ತಿದೆ ಎಂಬಂತೆ, ತಾಯಿ ಇಟ್ಟ ಹೊಸ ಜಾಗವನ್ನೇ ತೋರಿಸಿದರು. ಇನ್ನೊಬ್ಬರ ತಲೆಯಲ್ಲಿರುವುದು ನಮ್ಮ ತಲೆಯಲ್ಲಿರುವುದಕ್ಕಿಂತ ಬೇರೆಯಾಗಿರಬಹುದು ಎಂಬ ತಿಳಿವಳಿಕೆ ನಾಲ್ಕರಿಂದ ಆರು ವರ್ಷದ ನಡುವೆ ನಿಧಾನವಾಗಿ ಗಟ್ಟಿಯಾಗುತ್ತದೆ. ನಿಮ್ಮ ಮಗಳು ಆ ದಾರಿಯ ನಡುವೆ ಇದ್ದಾಳೆ. ತನ್ನ ಕಣ್ಣ ಮುಂದಿರುವ ಚಂದ್ರಿಕೆಯೇ ಅಜ್ಜಿಯ ಮನಸ್ಸಿಗೂ ಬಂದಿರುತ್ತದೆ ಎಂದು ಅವಳು ನಂಬುವುದರಲ್ಲಿ ಕುಚೋದ್ಯವೂ ಇಲ್ಲ, ಯಾರೋ ಹೇಳಿಕೊಟ್ಟದ್ದೂ ಇಲ್ಲ. ಸಾವು ಎಲ್ಲರಿಗೂ ಬರುವಂಥದು, ಬಂದರೆ ಮರಳಿ ಹೋಗದಂಥದು ಎಂಬ ಅರಿವೂ ಈ ವಯಸ್ಸಿನಲ್ಲಿ ಪೂರ್ತಿಯಾಗಿ ಮೂಡಿರುವುದಿಲ್ಲ.

ಇನ್ನು ಮಾಡಬೇಕಾದ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಆ ವಿಡಿಯೊ ಹೋಗಬೇಕು. ಸ್ಟೇಟಸ್ 24 ಗಂಟೆಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ರೀಲ್ಸ್ ಹಾಗಲ್ಲ, ಯಾರಾದರೂ ತೆಗೆಯುವವರೆಗೂ ಅದು ಅಲ್ಲೇ ಇರುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಸ್ವಂತ ಖಾತೆ ತೆರೆಯಲು 13 ವರ್ಷವಾಗಿರಬೇಕೆಂಬ ನಿಯಮವಿದೆ, ನಿಮ್ಮ ಮಗಳ ಮುಖ ಮಾತ್ರ ನಾಲ್ಕೂವರೆಗೇ ಅಲ್ಲಿ ಓಡಾಡುತ್ತಿದೆ. ಅದರಲ್ಲಿ ಅವಳೊಬ್ಬಳೇ ಇರುವುದಲ್ಲ, ನಿಮ್ಮ ಅತ್ತೆಯೂ ಇದ್ದಾರೆ, ಅವರನ್ನೂ ಯಾರೂ ಕೇಳಿಲ್ಲ. ವಿಡಿಯೊ ಅಲ್ಲಿರುವಷ್ಟು ದಿನ ಆ ಅವಮಾನ ದಿನವೂ ಹೊಸದಾಗಿ ನಡೆಯುತ್ತಿರುತ್ತದೆ, ಅಲ್ಲಿಯವರೆಗೆ ನೀವು ಅತ್ತೆಯ ಮುಂದೆ ಎಷ್ಟು ಸಮಾಧಾನ ಹೇಳಿದರೂ ಅದು ಬಾಯಿಮಾತಾಗಿಯೇ ಉಳಿಯುತ್ತದೆ. ಈ ಕೆಲಸವನ್ನು ನಿಮ್ಮ ಯಜಮಾನರೇ ಮಾಡಬೇಕು, ತಮ್ಮನಿಗೂ ಅವರೇ ಹೇಳಬೇಕು. ತಮಾಷೆಗೆ ಮಾಡಿದ್ದು ಎಂಬ ಉತ್ತರ ಬಂದರೆ, ಅವ್ವ ಆ ರಾತ್ರಿ ಊಟ ಬಿಟ್ಟದ್ದನ್ನು ಅವರಿಗೆ ನೆನಪಿಸಿ. ಸೊಸೆಯೊಬ್ಬಳು ಮನೆಯ ಗಂಡಸರನ್ನು ಹೀಗೆ ಕೇಳುವುದು ಸುಲಭವಲ್ಲವೆಂದು ನನಗೆ ತಿಳಿದಿದೆ, ಆದರೂ ಇದೊಂದನ್ನು ಬಿಟ್ಟುಕೊಡಬೇಡಿ.

ಅದಾದ ಬಳಿಕ ಅತ್ತೆಯ ಹತ್ತಿರ ಒಬ್ಬರೇ ಕುಳಿತು ಮಾತಾಡಿ, ಮಗಳನ್ನು ಎಳೆದುತಂದು ಕಾಲಿಗೆ ಬೀಳಿಸಬೇಡಿ. ನಾನು ಹೇಳಿಕೊಟ್ಟಿಲ್ಲ ಎಂದು ಆಣೆ ಪ್ರಮಾಣಕ್ಕೆ ಇಳಿಯುವುದೂ ಬೇಡ, ಅದರಿಂದ ಅನುಮಾನಕ್ಕೆ ಬಲ ಬರುತ್ತದೆಯೇ ಹೊರತು ಅದು ಹೋಗುವುದಿಲ್ಲ. ಸಿರಪ್ಪಿನ ಬಾಟಲಿಯ ಸಂಗತಿಯನ್ನು ಮೊದಲು ಹೇಳಿ, ಹುಳಕ್ಕೆ ಔಷಧಿ ಕುಡಿಸಲು ಹೋದ ಮಗುವೇ ಚಂದ್ರಿಕೆಯ ಮಾತನ್ನೂ ಆಡಿದ್ದು ಎಂಬುದು ಅವರಿಗೆ ಹೊಳೆಯಲಿ. ನಿಮಗಿಂತ ಹೆಚ್ಚು ವರ್ಷ ಹುಳು ಸಾಕಿದವರು ಅವರು, ಮೊಮ್ಮಗಳ ತರ್ಕ ಅವರಿಗೆ ಬೇಗ ಅರ್ಥವಾಗುತ್ತದೆ. ಎಲ್ಲರೂ ನಕ್ಕಾಗ ನಾನು ನಿಮ್ಮ ಮುಖ ನೋಡಬೇಕಿತ್ತು ಎಂಬ ಮಾತನ್ನೂ ಸೇರಿಸಿ, ಏಕೆಂದರೆ ಆ ದಿನ ಯಾರೂ ಅದನ್ನು ನೋಡಿದಂತಿಲ್ಲ. ಮಗಳಿಗೆ ಉತ್ತರ ಹೇಳುವ ಕೆಲಸವನ್ನೂ ಅವರಿಗೇ ಒಪ್ಪಿಸುವುದು ಒಳ್ಳೆಯದು. ಹುಳು ಹಣ್ಣಾದರೆ ಗೂಡು ಕಟ್ಟುತ್ತದೆ, ಅಜ್ಜಿ ಹಣ್ಣಾದರೆ ನಿನ್ನನ್ನು ಹತ್ತಿರ ಕೂರಿಸಿಕೊಂಡು ಕಥೆ ಹೇಳುತ್ತಾಳೆ ಎಂದು ಅವರು ಹೇಳಿದರೆ ಮಗುವಿಗೆ ಸಾಕು. ಅವರಿಗೆ ಇದಕ್ಕಿಂತ ಚೆನ್ನಾದ ಉತ್ತರವೂ ಹೊಳೆದೀತು.

ನಿಮ್ಮ ಪತ್ರವನ್ನು ನಾನು ಈ ವಾರಕ್ಕೆ ಆರಿಸಿಕೊಂಡದ್ದು ಮಗಳು ನಿಮ್ಮನ್ನು ಕೇಳುತ್ತಿರುವ ಆ ಪ್ರಶ್ನೆಗಾಗಿ. ಅದಕ್ಕೂ ನೆಂಟರು ನಗಬಹುದು, ನನಗೆ ನಗು ಬರಲಿಲ್ಲ. ಒಂದೇ ಮಾತಿಗೆ ಒಂದು ದಿನ ಚಪ್ಪಾಳೆ, ಇನ್ನೊಂದು ದಿನ ಪೆಟ್ಟು ಸಿಕ್ಕರೆ ಬುದ್ಧಿಯಿರುವ ಯಾರೇ ಆದರೂ ಮಾಡುವುದನ್ನು ಅವಳು ಮಾಡುತ್ತಿದ್ದಾಳೆ, ಅಂದರೆ ಬಾಯಿ ತೆರೆಯುವ ಮುನ್ನ ಬೆಲೆ ವಿಚಾರಿಸುತ್ತಿದ್ದಾಳೆ. ಚಂದ್ರಿಕೆಯ ಮಾತು ಮೊದಲ ಸಲ ನಿಜವಾದ ಪ್ರಶ್ನೆಯಾಗಿತ್ತು. ನೆಂಟರು ಕೇಳಿ ಕೇಳಿ ಹೇಳಿಸಿದ ಮೇಲೆ ಅದರಲ್ಲಿ ಪ್ರಶ್ನೆ ಉಳಿದಿಲ್ಲ, ಅವಳಿಗೊಂದು ಪಾತ್ರ ಸಿಕ್ಕಿದೆ. ಆ ಪ್ರಶ್ನೆಗೆ ಉತ್ತರ ಮಾತ್ರ ಇನ್ನೂ ಯಾರೂ ಕೊಟ್ಟಿಲ್ಲ. ಆದ್ದರಿಂದ ಅವಳನ್ನು ಹತ್ತಿರ ಕೂರಿಸಿಕೊಂಡು, "ಅವತ್ತು ನಾನು ಹೊಡೆದದ್ದು ತಪ್ಪು. ನೀನು ಏನು ಬೇಕಾದರೂ ಕೇಳು, ನಾನು ಕೇಳಿಸಿಕೊಳ್ತೀನಿ. ಜನ ಇದ್ದಾಗ ನನ್ನ ಕಿವಿಯಲ್ಲಿ ಹೇಳು" ಎಂದು ಹೇಳಿ. ಮನೆಗೆ ಬಂದವರು ಆ ಮಾತು ಹೇಳಿಸಲು ಹೊರಟರೆ, ಈಗ ಅವಳು ಆಟಕ್ಕೆ ಹೋಗುತ್ತಾಳೆ ಎಂದು ನೀವೇ ಅಡ್ಡಬನ್ನಿ.

ನಗಬಾರದು ಎಂದು ನಾನು ಹೇಳುತ್ತಿಲ್ಲ, ನಗು ಬಂದರೆ ನಗಿ, ಆದರೆ ನಕ್ಕ ಮೇಲೆ ಉತ್ತರ ಹೇಳಿ. ಸಿರಪ್ಪು ತಂದ ದಿನ ಎಲ್ಲರೂ ನಕ್ಕಿರಿ, ಹುಳಕ್ಕೆ ಔಷಧಿ ಏಕೆ ಬೇಡ ಎಂದು ಯಾರಾದರೂ ಹೇಳಿದಿರಾ? ತಿನ್ನದೆ ಅಲುಗಾಡದೆ ಕೂತಿರುವ, ಜ್ವರ ಬಂದಿದೆ ಎಂದು ದೊಡ್ಡವರೇ ಹೇಳುವ ಪ್ರಾಣಿಗೆ ಔಷಧಿ ಬೇಕೆಂದು ತೀರ್ಮಾನಿಸಿದ್ದು ದಡ್ಡತನವಲ್ಲ. ಹುಳು ಬೆಳೆದು ಅದರ ಚರ್ಮ ಬಿಗಿಯಾದಾಗ ಅದು ಮೇವು ಬಿಟ್ಟು ಸುಮಾರು ಒಂದು ದಿನ ಸುಮ್ಮನಿದ್ದು, ಹಳೆಯ ಚರ್ಮ ಕಳಚಿ ಏಳುತ್ತದೆ ಎಂದು ತಿಳಿಸಿ, ಮುಂದಿನ ಜ್ವರ ಎದ್ದಾಗ ಆ ಸಿಪ್ಪೆಯನ್ನು ಅವಳ ಅಂಗೈ ಮೇಲಿಟ್ಟು ತೋರಿಸಿ. ಇನ್ನೊಂದು ಮಾತು, ಮರೆಯುವ ಮುನ್ನ ಹೇಳಿಬಿಡುತ್ತೇನೆ: ಆ ಬಾಟಲಿ ಅವಳ ಕೈಗೆ ಹೇಗೆ ಸಿಕ್ಕಿತು? ಜ್ವರದ ಸಿರಪ್ಪಿನಲ್ಲಿ ಸಾಮಾನ್ಯವಾಗಿ ಇರುವ ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ ಅಪಾಯ. ಅದನ್ನೂ ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರನ್ನೂ ಇಂದೇ ಅವಳ ಕೈಗೆಟುಕದ ಎತ್ತರಕ್ಕೆ ಇಡಿ.

'ಕೊಡಿದೆ' ಎನ್ನುವುದಕ್ಕೆ ಚಿಂತೆ ಬೇಡ. ಮಾಡಿದೆ, ಓಡಿದೆ, ಹಾಡಿದೆ ಎಂಬುದರಿಂದ ಒಂದು ನಿಯಮವನ್ನು ತಾನೇ ಕಂಡುಕೊಂಡು ಅದನ್ನು ಎಲ್ಲ ಕಡೆಗೂ ಹಚ್ಚುತ್ತಿದ್ದಾಳೆ. "ಹೌದಾ, ಕೊಟ್ಟೆಯಾ?" ಎಂದು ಸರಿಯಾದ ರೂಪದಲ್ಲೇ ಮಾತು ಮುಂದುವರಿಸಿದರೆ ಅದು ತಾನಾಗಿ ತಿದ್ದಿಕೊಳ್ಳುತ್ತದೆ.

ನಾದಿನಿಯ ವಿಷಯ ಬೇರೆ. ಚಂದ್ರಿಕೆಯ ಮಾತು ಮಗಳದು, ಹಾಯಾಗಿ ಮಲಗುವ ಮಾತು ನಿಮ್ಮದು. ಅವಳು ಅದನ್ನು ಒಂದಕ್ಷರ ಬಿಡದೆ ತಲುಪಿಸಿದ್ದಾಳೆ ಅಷ್ಟೆ, ಅದಕ್ಕೆ ಅವಳನ್ನು ಗದರಿದರೆ ಅನ್ಯಾಯವಾಗುತ್ತದೆ. ಬಾಣಂತನ, ಹುಳುವಿನ ಬೆಳೆ, ಅಡುಗೆ ಮೂರೂ ಒಟ್ಟಿಗೆ ಬಿದ್ದರೆ ಯಾರ ಬಾಯಿಂದಲಾದರೂ ಅಂಥ ಮಾತು ಬರುತ್ತದೆ. ನಾದಿನಿಯೂ ಮೊನ್ನೆಯಷ್ಟೇ ಹೆತ್ತವಳು, ನಿದ್ದೆಗೆಟ್ಟವರ ಕಷ್ಟ ಅವಳಿಗೆ ಗೊತ್ತು. "ದಣಿದು ಹಾಗಂದೆ ಕಣಮ್ಮ, ನೀನು ಹೋಗಲಿ ಅಂತ ಅಲ್ಲ" ಎಂದು ನೇರವಾಗಿ ಹೇಳಿ, ರಾತ್ರಿಯ ಸೊಪ್ಪು ಹಾಕುವ ಕೆಲಸವನ್ನು ರೀಲ್ಸ್ ಮಾಡಲು ಬಿಡುವಿದ್ದ ಮೈದುನನಿಗೆ ವಹಿಸಿ. ಮನೆಯ ಮಾತು ಯಾರಿಗೂ ಹೇಳಬಾರದು ಎಂದು ಮಾತ್ರ ಮಗಳಿಗೆ ಕಲಿಸಬೇಡಿ. ಯಾವುದನ್ನು ಮುಚ್ಚಿಡಬೇಕು, ಯಾವುದನ್ನು ಓಡಿಬಂದು ನಿಮಗೆ ಹೇಳಲೇಬೇಕು ಎಂದು ವಿಂಗಡಿಸುವ ಶಕ್ತಿ ಈ ವಯಸ್ಸಿಗೆ ಇರುವುದಿಲ್ಲ. ನಾಳೆ ಯಾರಾದರೂ ಅವಳೊಡನೆ ಕೆಟ್ಟದಾಗಿ ನಡೆದುಕೊಂಡರೆ ಅದನ್ನೂ ಅವಳು ಬಚ್ಚಿಟ್ಟಾಳು.

ಈಗಿನ ಹಿಂಜರಿಕೆ ಕೆಲವು ವಾರಗಳಲ್ಲಿ ಕರಗುತ್ತದೆಂದು ನನ್ನ ಎಣಿಕೆ. ಹಾಗಾಗದೆ ಅಂಗನವಾಡಿಯಲ್ಲೂ ಮಾತು ನಿಲ್ಲಿಸಿದರೆ, ಆಡುವ ಮಕ್ಕಳ ಜೊತೆಗೂ ಮೌನವಾಗಿದ್ದರೆ, ಅಲ್ಲಿನ ಕಾರ್ಯಕರ್ತೆಗೆ ತಿಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ 2 ಬಾರಿ ಅಂಗನವಾಡಿ ಮಕ್ಕಳ ತಪಾಸಣೆಗೆ ಬರಬೇಕೆಂಬ ವ್ಯವಸ್ಥೆಯಿದೆ, ಮಾತು ಮತ್ತು ಬೆಳವಣಿಗೆಯ ತೊಂದರೆಗಳನ್ನು ಗಮನಿಸುವುದೂ ಅದರ ಕೆಲಸ. ತಂಡ ಬರುವುದು ತಡವಾಗುವಂತಿದ್ದರೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಏನೇನು ನಡೆಯಿತೆಂದು ಹೇಳುವಾಗ ಆ ಪೆಟ್ಟಿನ ಸಂಗತಿಯನ್ನೂ ಬಿಡದೆ ಹೇಳಿ.