ಫೋಟೋ ತೆಗೆದರೆ ಸಾಲದೇ, ಚಿತ್ರವನ್ನೇ ಏಕೆ ಬರೆಯಬೇಕು?

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರಿನಲ್ಲಿ ಕೊಡಗಿಗೆ ಬರುತ್ತಿದ್ದೀರಿ, ಸ್ಕೆಚ್ ಮಾಡಿದರೆ ಊರಿನ ಇತಿಹಾಸ ಚೆನ್ನಾಗಿ ತಿಳಿಯುತ್ತದೆ ಎಂದು ಯಾರೋ ಹೇಳಿದ್ದಾರೆ, ಆದರೆ ನಿಮಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ನಾನು ಹದಿನೈದು ವರ್ಷಗಳಿಂದ ಮಡಿಕೇರಿಯ ಸುತ್ತಮುತ್ತ ಚಿತ್ರ ಬರೆಯುತ್ತಿದ್ದೇನೆ. ಗೋಡೆಗೆ ತೂಗುಹಾಕುವಂಥದ್ದು ಒಂದೂ ಇಲ್ಲ. ಆದರೆ ಈ ಊರಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಬಹುಪಾಲು ಆ ಸ್ಕೆಚ್ ಪುಸ್ತಕಗಳಿಂದಲೇ ಬಂದದ್ದು.

ಹೇಗೆಂದು ಹೇಳುತ್ತೇನೆ. ಒಂದು ವಾರ ಓಂಕಾರೇಶ್ವರ ದೇವಸ್ಥಾನದ ಕೆರೆಯ ಮೆಟ್ಟಿಲ ಮೇಲೆ ಕೂತು ಬರೆದೆ. ಮುಂದಿನ ವಾರ ಮಹದೇವಪೇಟೆಯ ಕಡೆ ಹತ್ತಿ ರಾಜರ ಗದ್ದಿಗೆಯ, ಅಂದರೆ ಸಮಾಧಿಯ ಮುಂದೆ ಕೂತೆ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರಿನಂಥ ಗೋಪುರ. ಅರ್ಧ ಬರೆಯುವ ಹೊತ್ತಿಗೆ ಕೈ ತಾನಾಗಿ ಓಡತೊಡಗಿತು, ಹಿಂದಿನ ವಾರದ ಗೆರೆಗಳನ್ನೇ ಮತ್ತೆ ಎಳೆಯುತ್ತಿತ್ತು. ಅವೆರಡನ್ನೂ ಚಿಕ್ಕಂದಿನಿಂದ ನೋಡಿದ್ದೇನೆ, ಹತ್ತಾರು ಫೋಟೋ ತೆಗೆದಿದ್ದೇನೆ. ಒಂದು ದೇವರ ಗುಡಿ, ಇನ್ನೊಂದು ಸಮಾಧಿ. ಇವು ಒಡಹುಟ್ಟಿದವು ಎಂದು ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಆಮೇಲೆ ಇಸವಿ ಹುಡುಕಿದೆ. ಕೊಡಗಿನ ಅರಸ ಲಿಂಗರಾಜೇಂದ್ರ ಓಂಕಾರೇಶ್ವರವನ್ನು ಕಟ್ಟಿಸಿದ್ದು 1820ರಲ್ಲಿ. ಅದೇ ವರ್ಷ ಅವನು ತೀರಿಕೊಂಡ, ಮಗ ಚಿಕ್ಕವೀರರಾಜೇಂದ್ರ ಅವನ ಗದ್ದಿಗೆ ಕಟ್ಟಿಸಿದ. ಲಿಂಗಾಯತ ಅರಸರ ಸಮಾಧಿಗೆ ಮುಸಲ್ಮಾನ ಶೈಲಿಯ ಗುಮ್ಮಟ, ಮೂಲೆಗಳಲ್ಲಿ ನಂದಿ! ಆ ಕಾಲದ ಕೊಡಗಿನ ಕಣ್ಣಿಗೆ ಯಾವುದು ಚೆಂದ ಕಾಣುತ್ತಿತ್ತು ಎಂಬುದು ನನಗೆ ಮೊದಲ ಬಾರಿ ಅರ್ಥವಾದದ್ದು ಆ ಮಧ್ಯಾಹ್ನ.

ಫೋಟೋದಲ್ಲಿ ಇಡೀ ಗೋಡೆ ಒಂದೇ ಸಲಕ್ಕೆ ಬಂದುಬಿಡುತ್ತದೆ. ಬರೆಯುವಾಗ ಹಾಗಲ್ಲ. ಈ ಗೆರೆ ಎಲ್ಲಿ ನಿಲ್ಲಬೇಕು, ಈ ಕಲ್ಲು ಆ ಕಲ್ಲಿಗಿಂತ ಬೇರೆ ಏಕೆ ಎಂದು ಪ್ರತಿ ಅಂಗುಲಕ್ಕೂ ಕೇಳಿಕೊಳ್ಳಬೇಕು. ಇದನ್ನು ಕಲಿಯಲು ಮಡಿಕೇರಿ ಕೋಟೆಗಿಂತ ಒಳ್ಳೆಯ ಜಾಗ ಇಲ್ಲ. ಕೊಡಗಿನ ಹಿಂದಿನ ಅರಸ ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಒಳಗಿನ ಅರಮನೆಯನ್ನು 1812ರಿಂದ 1814ರ ನಡುವೆ ಹೊಸದು ಮಾಡಿಸಿದ್ದು ಲಿಂಗರಾಜೇಂದ್ರ. ಅದರ ಗಡಿಯಾರ ಗೋಪುರವೂ ಕಾರು ನಿಲ್ಲಿಸುವ ಪೋರ್ಚೂ ಬ್ರಿಟಿಷರ ಕಾಲದ್ದು, 1933ರ ಸೇರ್ಪಡೆ. ಪೋರ್ಚನ್ನು ಬಿಟ್ಟು ಅರಮನೆಯನ್ನಷ್ಟೇ ಒಮ್ಮೆ ಬರೆದು ನೋಡಿ, ಕಟ್ಟಡದ ಮುಖವೇ ಬದಲಾಗುತ್ತದೆ. ಪಕ್ಕದಲ್ಲೇ ಚೂಪು ಕಿಟಕಿಗಳ ಹಳೆಯ ಚರ್ಚು ಇದೆ. 1855ರದ್ದು, ಈಗ ಮ್ಯೂಸಿಯಂ.

ಆದರೂ ನನ್ನ ಮನಸ್ಸು ಇರುವುದು ಐನ್‌ಮನೆಗಳಲ್ಲಿ, ಅಂದರೆ ಕೊಡವ ಮನೆತನಗಳ ಮೂಲ ಮನೆಗಳಲ್ಲಿ. ಗೆಳೆಯನೊಬ್ಬನ ಒಕ್ಕದ (ಮನೆತನದ) ಐನ್‌ಮನೆಯ ನಕ್ಷೆ ಬರೆಯಲು ಹೋಗಿದ್ದೆ. ಟೇಪು ಇರಲಿಲ್ಲ, ಹೆಜ್ಜೆಯಲ್ಲೇ ಅಳೆದೆ. ಮುಂದಿನ ಜಗಲಿ ಕಯ್ಯಾಲೆ, ಕಂಬಗಳ ನಡುವೆ ಕೂರುವ ಹಲಗೆ ಐಮರ, ದೀಪ ತೂಗುವ ನಡುಮನೆ ನೆಲ್ಲಕ್ಕಿ ನಡುಬಾಡೆ, ನೈಋತ್ಯದ ಪೂಜೆಯ ಕೋಣೆ ಕನ್ನಿಕೋಂಬರೆ ಎಂದು ಒಂದೊಂದೇ ಗುರುತು ಹಾಕುತ್ತಿದ್ದೆ. ಎಂಬತ್ತು ದಾಟಿದ ಅವನ ದೊಡ್ಡಮ್ಮ ಬಂದು ಐಮರದ ಮೇಲೆ ಕೂತರು. ಮನೆಯ ಇತಿಹಾಸ ಹೇಳಿ ಎಂದಾಗಲೆಲ್ಲ "ಎಂಥದು ಇತಿಹಾಸ" ಎಂದು ಸುಮ್ಮನಾಗುತ್ತಿದ್ದವರು ಅವರು. ಅಂದು ನನ್ನ ಕಾಗದ ನೋಡಿ, "ಇದು ತಪ್ಪು" ಎಂದರು. ಮನೆಗೆ ಬರುವ ದಾರಿ ಅಲ್ಲಲ್ಲವಂತೆ. ಪೆನ್ಸಿಲ್ ಇಸಕೊಂಡು, ಅಂಗಳದ ಇನ್ನೊಂದು ಮೂಲೆಯಿಂದ ಹೊರಟು ಗದ್ದೆಯ ಕಡೆಗೆ ಬಾಗುವ ಒಂದು ಗೆರೆ ಎಳೆದರು. ಅದು ಹಳೆಯ ಓಣಿ. ಮದುಮಗಳಾಗಿ ಬಂದದ್ದು, ಗಂಡನನ್ನು ಕಳಿಸಿಕೊಟ್ಟದ್ದು ಎರಡೂ ಆ ದಾರಿಯಲ್ಲೇ ಎಂದರು. ಅಲ್ಲಿಂದ ಒಂದು ಗಂಟೆ ಮಾತು ನಿಲ್ಲಲಿಲ್ಲ.

ಸಂಜೆ ಆ ಕಾಗದ ಹಿಡಿದು ಕಾಫಿ ತೋಟಕ್ಕೆ ಇಳಿದೆವು. ಗಿಡಗಳ ನಡುವೆ ಎರಡು ಮಣ್ಣಿನ ಏರಿ, ಮಧ್ಯೆ ಎಲೆ ತುಂಬಿದ ತಗ್ಗು. ಗೆಳೆಯ ಅದನ್ನು ಇಷ್ಟು ದಿನ ಕಡಂಗ, ಅಂದರೆ ಹಳೆಯ ಕಾಲದ ಯುದ್ಧದ ಕಂದಕ ಎಂದುಕೊಂಡಿದ್ದ. ಮೇಲಿನ ತುದಿಯಲ್ಲಿ ನಿಂತು ನೋಡಿದರೆ ತಗ್ಗು ನೇರ ಅಂಗಳದ ಮೂಲೆಗೆ ಹೋಗಿ ಮುಟ್ಟುತ್ತಿತ್ತು. ದೊಡ್ಡಮ್ಮನ ಗೆರೆ ಬಾಗಿದ ಕಡೆಯೇ ಅದೂ ಬಾಗಿತ್ತು.

ಹಾಗಾಗಿ ಬರುವಾಗ ಎರಡು ಪೆನ್ಸಿಲ್ ತನ್ನಿ. ಇಂಕು ಬೇಡ, ಬೆಳಗಿನ ಮಂಜಿಗೆ ಕಾಗದ ಮೆತ್ತಗಾಗಿ ಹರಡಿಬಿಡುತ್ತದೆ. ಕೋಟೆಯಲ್ಲಿ ಶುರುಮಾಡಿ, ಗದ್ದಿಗೆಗೆ ಹೋಗಿ, ಸಮಯವಿದ್ದರೆ ಕಕ್ಕಬ್ಬೆಯ ಹತ್ತಿರ ನಾಲ್ಕುನಾಡು ಅರಮನೆಗೆ ಒಂದು ಇಡೀ ದಿನ ಕೊಡಿ. ಐನ್‌ಮನೆಗೆ ಮಾತ್ರ ಆ ಒಕ್ಕದವರನ್ನು ಕೇಳಿಯೇ ಹೋಗಿ, ಹಿರಿಯರ ಗುಡಿಯಾದ ಕೈಮಡದ ಹತ್ತಿರ ಪುಸ್ತಕ ತೆರೆಯುವ ಮೊದಲು ಇನ್ನೊಮ್ಮೆ ಕೇಳಿ. ಅದು ಅವರ ಕಾರಣರ, ಅಂದರೆ ಪೂರ್ವಜರ ಜಾಗ.