ಎರಡು ಬಾರಿ ಔಷಧಿ ಹೊಡೆಸಿದರೂ ತಿಗಣೆ ಮರಳಿ ಬರುವುದೇಕೆ?

ಬಾಡಿಗೆ ಮನೆಗೆ ಬಂದು ಮೂರು ತಿಂಗಳಾಗಿದೆ, ಎರಡು ಬಾರಿ ಔಷಧಿ ಹೊಡೆಸಿದ್ದಾಗಿದೆ, ಆದರೂ ಹದಿನೈದು ದಿನ ಕಳೆಯುವಷ್ಟರಲ್ಲಿ ತಿಗಣೆಗಳು ಮತ್ತೆ ಕಾಣಿಸಿಕೊಂಡಿವೆ, ಮಗಳ ಕೈಮೇಲೆ ಗಂಧೆಗಳು ಎದ್ದಿವೆ, ಹಾಸಿಗೆ ಮಂಚಗಳನ್ನೆಲ್ಲ ಎಸೆದುಬಿಡುವುದೇ ಲೇಸೇ ಎಂದು ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. 2018ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಮನೆಯಲ್ಲಿ ನಾನು ಅದೇ ಕೆಲಸ ಮಾಡಿ, ಚೆನ್ನಾಗಿದ್ದ ಹತ್ತಿ ಹಾಸಿಗೆಯೊಂದನ್ನು ಗುಜರಿಗೆ ಹಾಕಿ, ಹೊಸದನ್ನು ತಂದು, ಮೂರನೆಯ ವಾರಕ್ಕೆ ಅದರ ಹೊಲಿಗೆಯಲ್ಲೂ ತಿಗಣೆಯನ್ನು ಕಂಡವನು. ತಿಗಣೆಗಳು ಬಂದದ್ದು ಹಾಸಿಗೆಯಿಂದಲ್ಲ, ನಾವು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ತಂದ ಹಳೆಯ ದಿವಾನದಿಂದ ಎಂಬುದು ತಿಳಿಯಲು ಇನ್ನೂ ಒಂದು ತಿಂಗಳು ಬೇಕಾಯಿತು. ಅಲ್ಲಿಂದಾಚೆಗೆ ಅವುಗಳನ್ನು ಪೂರ್ತಿಯಾಗಿ ತೊಲಗಿಸಲು ಸುಮಾರು ಎರಡೂವರೆ ತಿಂಗಳು ಹಿಡಿಯಿತು.

ನಿಮ್ಮ ಪ್ರಶ್ನೆಯಲ್ಲಿರುವ ಆ ಹದಿನೈದು ದಿನ ಎಂಬ ಮಾತನ್ನೇ ಮೊದಲು ಗಮನಿಸಬೇಕು. ಹೆಣ್ಣು ತಿಗಣೆಯು ದಿನಕ್ಕೆ ಒಂದರಿಂದ ನಾಲ್ಕೈದರವರೆಗೆ, ಸುಮಾರು 1 ಮಿಲಿಮೀಟರ್ ಉದ್ದದ, ಸಣ್ಣ ರವೆಯ ಕಾಳಿನಂತಿರುವ ಬಿಳಿಯ ಮೊಟ್ಟೆಗಳನ್ನಿಟ್ಟು ಮರದ ಸಂದಿಗೋ ಬಟ್ಟೆಯ ಹೊಲಿಗೆಗೋ ಅಂಟಿಸಿಬಿಡುತ್ತದೆ. ಸಾಮಾನ್ಯವಾಗಿ ಬಳಸುವ ಔಷಧಿಗಳು ಓಡಾಡುವ ತಿಗಣೆಯನ್ನು ಕೊಂದರೂ ಮೊಟ್ಟೆಗಳನ್ನು ನಾಶಮಾಡುವುದು ಕಡಿಮೆ. ನಮ್ಮ ಹವೆಯಲ್ಲಿ ಆ ಮೊಟ್ಟೆಗಳು 6ರಿಂದ 10 ದಿನಗಳೊಳಗೆ ಒಡೆಯುತ್ತವೆ. ಹೊರಬಂದ ಮರಿಯು ಐದು ಬಾರಿ ಪೊರೆ ಕಳಚಬೇಕು, ಪ್ರತಿ ಪೊರೆಗೂ ಮುನ್ನ ಒಮ್ಮೆಯಾದರೂ ರಕ್ತ ಹೀರಲೇಬೇಕು. ಆಹಾರ ಸರಿಯಾಗಿ ಸಿಕ್ಕರೆ ಮೊಟ್ಟೆಯಿಂದ ಪ್ರಾಯದ ತಿಗಣೆಯಾಗಲು ಸುಮಾರು 5ರಿಂದ 8 ವಾರ ಬೇಕು. ಹೀಗಾಗಿ ನೀವು ಹದಿನೈದನೆಯ ದಿನ ಕಂಡದ್ದು ಔಷಧಿಗೆ ಸಾಯದೆ ಉಳಿದ ಹಳೆಯ ತಿಗಣೆಗಳಾಗಿರುವುದಕ್ಕಿಂತ ಔಷಧಿ ಹೊಡೆದ ದಿನ ಮೊಟ್ಟೆಯೊಳಗಿದ್ದ ಮರಿಗಳಾಗಿರುವ ಸಂಭವವೇ ಹೆಚ್ಚು. ಈ ಮರಿಗಳು ಹೊರಬಂದ ಮೇಲೆ, ಆದರೆ ದೊಡ್ಡವಾಗಿ ತಾವೇ ಮೊಟ್ಟೆಯಿಡುವ ಮೊದಲು, ಎರಡನೆಯ ಸುತ್ತು ನಡೆಯಬೇಕು. ಎಂದರೆ ಮೊದಲ ದಿನದಿಂದ 12–14 ದಿನಕ್ಕೆ ಎರಡನೆಯದು, ಅದರಿಂದ ಅಷ್ಟೇ ದಿನಕ್ಕೆ ಮೂರನೆಯದು. ನಾವೆಲ್ಲರೂ ಮಾಡುವುದೇನೆಂದರೆ, ಕಚ್ಚುವುದು ನಿಂತಿತೆಂದು ಸುಮ್ಮನಾಗಿ, ತಿಂಗಳೊಪ್ಪತ್ತಿನ ಮೇಲೆ ಕಾಟ ತಾಳಲಾರದೆ ಮತ್ತೆ ಕರೆಸುವುದು. ಆಗ ಹೊಸ ಮೊಟ್ಟೆಗಳು ಸಿದ್ಧವಾಗಿರುತ್ತವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೆಲಸ ಮಾಡುವುದು ಎಷ್ಟೇ ಕಟುವಾದ ಔಷಧಿಗಿಂತಲೂ ಹೆಚ್ಚು ಫಲ ಕೊಡುತ್ತದೆಂಬುದು ನನ್ನ ಅನುಭವ.

ಔಷಧಿಯೊಂದನ್ನೇ ನೆಚ್ಚಿಕೊಳ್ಳಬಾರದು ಎನ್ನಲು ಇನ್ನೊಂದು ಕಾರಣವಿದೆ. ಸ್ವಿಸ್ ರಸಾಯನವಿಜ್ಞಾನಿ ಪಾಲ್ ಮ್ಯುಲರ್ 1939ರಲ್ಲಿ ಡಿಡಿಟಿಯ ಕೀಟನಾಶಕ ಗುಣವನ್ನು ಕಂಡುಹಿಡಿದು 1948ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಬರುವುದಕ್ಕೆ ಮೊದಲೇ, 1947ರಲ್ಲಿ, ಹವಾಯಿಯ ಪರ್ಲ್ ಹಾರ್ಬರಿನ ನೌಕಾಪಡೆಯ ವಸತಿಗಳಲ್ಲಿ ಡಿಡಿಟಿಗೆ ಜಗ್ಗದ ತಿಗಣೆಗಳು ಕಾಣಿಸಿಕೊಂಡಿದ್ದವು. ಇಂದು ಮನೆಗಳಲ್ಲಿ ಹೊಡೆಯುವ ಔಷಧಿಗಳಲ್ಲಿ ಬಹಳಷ್ಟು ಪೈರೆಥ್ರಾಯ್ಡ್ ಗುಂಪಿಗೆ ಸೇರಿದವು, ಇವೂ ಕೀಟದ ನರದಲ್ಲಿ ಡಿಡಿಟಿ ಹಿಡಿಯುವ ಜಾಗವನ್ನೇ ಹಿಡಿಯುತ್ತವೆ. ಆದ್ದರಿಂದ ಅದಕ್ಕೆ ಬಗ್ಗದ ವಂಶ ಇದಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಲಕ್ಷ್ಮಿ ಕಮಲದಲ್ಲಿ, ಶಿವ ಹಿಮಾಲಯದಲ್ಲಿ, ವಿಷ್ಣು ಹಾಲಿನ ಕಡಲಿನಲ್ಲಿ ಮಲಗುವುದು ತಿಗಣೆಯ ಭಯದಿಂದಲೇ ಇರಬೇಕೆಂದು ಪರಿಹಾಸ ಮಾಡಿದ ಹಳೆಯ ಸುಭಾಷಿತಕಾರನಿಗೂ ಈ ಹುಳುವಿನ ಮೊಂಡುತನ ಗೊತ್ತಿತ್ತೆಂದು ಕಾಣುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಕಚ್ಚುತ್ತಿರುವುದು ತಿಗಣೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಗಂಧೆಯನ್ನು ನೋಡಿ ಸೊಳ್ಳೆಯೋ ತಿಗಣೆಯೋ ಕಜ್ಜಿಯೋ ಎಂದು ಹೇಳುವುದು ವೈದ್ಯರಿಗೂ ಸುಲಭವಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಮೈಯೆಲ್ಲ ದದ್ದೆದ್ದು ಇನ್ನೊಬ್ಬರಿಗೆ ಏನೂ ಆಗದಿರಬಹುದು. ನಮ್ಮ ಮನೆಯಲ್ಲಿ ನನಗೆ ಒಂದು ಗುಳ್ಳೆಯೂ ಏಳದಿದ್ದುದರಿಂದ ಹೆಂಡತಿಯ ದೂರನ್ನು ನಾನು ಎರಡು ವಾರ ಲಘುವಾಗಿ ಕಂಡೆ, ಆ ಮಾತು ಈಗಲೂ ಆಗಾಗ ಬರುತ್ತದೆ. ಮಂಚದ ಕೀಲುಗಳನ್ನು, ತಲೆದಿಂಬಿನ ಕಡೆಯ ಹಲಗೆಯ ಹಿಂಬದಿಯನ್ನು, ಹಾಸಿಗೆಯ ಅಂಚಿನ ಹೊಲಿಗೆಯನ್ನು ಟಾರ್ಚ್ ಹಿಡಿದು ನೋಡಿದರೆ ಶಾಯಿಯ ಪೆನ್ನಿನಿಂದ ಚುಕ್ಕೆಯಿಟ್ಟಂತೆ ಕಪ್ಪು ಕಲೆಗಳು ಸಿಗುತ್ತವೆ. ಅದು ಜೀರ್ಣವಾದ ರಕ್ತ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಂದುಬಣ್ಣವಾಗಿ ಹರಡುತ್ತದೆ. ಜೊತೆಗೆ ಒಣಗಿದ ತೆಳು ಪೊರೆಗಳೂ ಇರುತ್ತವೆ. ಮಲಗುವ ಜಾಗದ ಸುತ್ತ ಒಂದೆರಡು ಮೀಟರಿನೊಳಗೆ ಅವುಗಳ ಬಹುಪಾಲು ಸಂಸಾರವಿರುತ್ತದೆ. ಹತ್ತು ನಿಮಿಷದೊಳಗೆ ಹೊಟ್ಟೆ ತುಂಬಿಸಿಕೊಂಡು ಮರಳಿ ಸಂದಿ ಸೇರುವ ಈ ಜೀವಿಗೆ ರೆಕ್ಕೆಯೂ ಇಲ್ಲ, ಹಾರುವುದೂ ಬರುವುದಿಲ್ಲ. ಆದ್ದರಿಂದ ಅದು ದೂರ ಹೋಗಬೇಕಾದರೆ ನಮ್ಮ ಚೀಲ, ಸೂಟ್‌ಕೇಸ್, ಹಳೆಯ ಪೀಠೋಪಕರಣಗಳೇ ವಾಹನ. ಬಸಿರಾದ ಒಂದೇ ಹೆಣ್ಣು ಸಾಕು, ಅದರ ಮಕ್ಕಳು ತಮ್ಮತಮ್ಮಲ್ಲೇ ಕೂಡಿ ವಂಶ ಬೆಳೆಸುತ್ತವೆ.

ನಾವು ನಿಜವಾಗಿ ಗೆದ್ದದ್ದು ಬಿಸಿಯಿಂದ. ತಿಗಣೆಯಾಗಲಿ ಅದರ ಮೊಟ್ಟೆಯಾಗಲಿ 50 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲ, ಈ ಬಿಸಿಗೆ ಒಗ್ಗಿಕೊಂಡ ತಿಗಣೆಯೂ ಇಲ್ಲ. ನಮ್ಮ ಅಜ್ಜಿ ಹೊರಸನ್ನು ಅಂಗಳಕ್ಕೆ ಹಾಕಿ, ಕುದಿಯುವ ನೀರನ್ನು ಕೀಲು ಕೀಲಿಗೂ ಹೊಯ್ಯುತ್ತಿದ್ದರಲ್ಲ, ವಿಜ್ಞಾನ ಅದಕ್ಕೆ ಸೇರಿಸುವುದು ಬಹಳ ಕಡಿಮೆ. ದಿವಾನವನ್ನು ಸ್ಕ್ರೂ ಬಿಚ್ಚಿ ಬಿಡಿ ಬಿಡಿಯಾಗಿಸಿ ಮಹಡಿಗೆ ಒಯ್ದು, ಕುದಿನೀರನ್ನು ಸೌಟಿನಿಂದ ನಿಧಾನವಾಗಿ ಸಂದಿಗಳಿಗೆ ಇಳಿಬಿಟ್ಟೆವು. ಗಟ್ಟಿಮರಕ್ಕೆ ಇದು ಸರಿ. ಪ್ಲೈವುಡ್ ಆದರೆ ನೀರಿನಿಂದ ಉಬ್ಬಿ ಹಾಳಾಗುತ್ತದೆ, ಅದಕ್ಕೆ ಹಬೆಯ ಯಂತ್ರವನ್ನು ಬಾಡಿಗೆಗೆ ತಂದು ಅಂಗುಲ ಅಂಗುಲವಾಗಿ ಸರಿಸಬೇಕು, ಅವಸರ ಮಾಡಿದರೆ ಬಿಸಿ ಒಳಗಿಳಿಯುವುದಿಲ್ಲ. ಹೊದಿಕೆ, ದಿಂಬಿನ ಚೀಲ, ಪರದೆಗಳನ್ನು ಕೋಣೆಯಲ್ಲಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಸಾಗಿಸಿ, 60 ಡಿಗ್ರಿಯ ನೀರಿನಲ್ಲಿ ಒಗೆದು, ಒಗೆಯಲಾಗದ್ದಕ್ಕೆ ಹೊಲಿಗೆಯ ಮೇಲೆ ಬಿಸಿ ಇಸ್ತ್ರಿ ಹಾಕಿದೆವು. ಕೇವಲ ಬಿಸಿಲಿಗೆ ಹಾಸಿಗೆ ಹಾಕಿದರೆ ಸಾಲದು: ಮೇಲ್ಮೈ ಕಾದಂತೆ ಅವು ಕೆಳಬದಿಯ ನೆರಳಿಗೆ ಇಳಿದು ಕೂರುತ್ತವೆ. ಹಾಸಿಗೆಯ ಅಂಚುಗಳಿಗೆ ಹಬೆ ಹಿಡಿದ ಮೇಲೆ ಸಂದಿಯಿಲ್ಲದಂತೆ ಜಿಪ್ ಇರುವ ದಪ್ಪ ಗವಸನ್ನು ಹಾಕಿ, ಜಿಪ್ಪಿನ ತುದಿಗೆ ಟೇಪ್ ಅಂಟಿಸಿ, ತಿಂಗಳುಗಟ್ಟಲೆ ತೆಗೆಯದೆ ಬಿಟ್ಟರೆ ಒಳಗೆ ಉಳಿದವು ಹಸಿವಿನಿಂದ ಸಾಯುತ್ತವೆ. ತಂಪು ದೇಶಗಳಲ್ಲಿ ಅವು ಉಪವಾಸವಿದ್ದು ಬಹುಕಾಲ ಬದುಕುತ್ತವಾದರೂ ನಮ್ಮ ಸೆಖೆ ಅಷ್ಟು ಅವಕಾಶ ಕೊಡುವುದಿಲ್ಲ. ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿಗಳಿಗೆ ವೈಟ್ ಸಿಮೆಂಟ್ ತುಂಬಿದ್ದೂ ಇದೇ ವಾರದಲ್ಲಿ. ಸ್ವಿಚ್ ಬೋರ್ಡಿನೊಳಗೂ ಅವು ಇರಬಹುದು. ಅಲ್ಲಿಗೆ ನೀರನ್ನಾಗಲಿ ಹಬೆಯನ್ನಾಗಲಿ ಎಂದೂ ಬಿಡಬೇಡಿ.

ಇನ್ನು ಔಷಧಿಯ ಮಾತು. ಪರವಾನಗಿ ಇರುವವರಿಂದ, ಯಾವ ಔಷಧಿ ಎಂದು ಹೆಸರು ಬರೆಸಿಕೊಂಡು, ಮೇಲೆ ಹೇಳಿದ ಅಂತರದಲ್ಲಿ ಸಂದಿಗಳಿಗೆ ಹೊಡೆಸಿ. ಅವರು ಹೇಳಿದಷ್ಟು ಹೊತ್ತು ಮನೆಯ ಹೊರಗಿದ್ದು, ಬಂದ ಮೇಲೆ ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಿಸಿ. ನಮ್ಮ ಮನೆಗೆ ಬಂದವರು ನೆಲ ಗೋಡೆಗಳಿಗೆಲ್ಲ ಧಾರಾಳವಾಗಿ ಹೊಡೆದು ದಿವಾನದ ಕೆಳಗೆ ಬಗ್ಗಿಯೂ ನೋಡದೆ ಹೋದರು, ನಾನೂ ಕೇಳಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ: ಧಾನ್ಯದ ಗೋದಾಮಿಗೆ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮಲಗುವ ಕೋಣೆಯಲ್ಲಿಡಲು ಯಾರಾದರೂ ಸಲಹೆ ಕೊಟ್ಟರೆ ಅವರನ್ನು ಮನೆಯೊಳಗೆ ಬಿಡಬೇಡಿ. ಗಾಳಿಯ ತೇವಕ್ಕೆ ಅವು ಫಾಸ್ಫೀನ್ ಅನಿಲವನ್ನು ಬಿಡುತ್ತವೆ, ಅದಕ್ಕೆ ಪ್ರತ್ಯೌಷಧವಿಲ್ಲ, ಅದು ಪಕ್ಕದ ಮನೆಗೂ ನುಸುಳಬಲ್ಲದು. ತಿಗಣೆಗೆಂದು ಹೊಡೆದ ಔಷಧಿ ಆರುವ ಮೊದಲೇ ಒಳಗೆ ಮಲಗಿ ಜನ ಪ್ರಾಣ ಕಳೆದುಕೊಂಡದ್ದು ಬೆಂಗಳೂರಿನಲ್ಲಿಯೇ ವರದಿಯಾಗಿದೆ. ಸೀಮೆಎಣ್ಣೆಯೂ ಬೇಡ, ಬೆಂಕಿಯ ಅಪಾಯಕ್ಕೆ ಹೋಲಿಸಿದರೆ ಅದರ ಲಾಭ ಅಲ್ಪ. ಇಡೀ ಕೋಣೆಗೆ ಹೊಗೆ ತುಂಬುವ ಡಬ್ಬಿಗಳು ಸಂದಿಯೊಳಗೆ ತಲುಪುವುದಿಲ್ಲ.

ನೀವು ಈಗ ಮಲಗುವ ಕೋಣೆ ಬಿಟ್ಟು ನಡುಮನೆಯಲ್ಲಿ ಮಲಗುತ್ತಿದ್ದೀರೆಂದು ಬರೆದಿದ್ದೀರಿ. ಅದನ್ನು ಇಂದೇ ನಿಲ್ಲಿಸಿ. ನಾವು ಬಿಡುವ ಉಸಿರನ್ನೂ ಮೈಯ ಬಿಸಿಯನ್ನೂ ಹಿಡಿದು ಬರುವ ಹುಳು ನಿಮ್ಮನ್ನು ಹುಡುಕಿಕೊಂಡು ನಡುಮನೆಗೂ ಬರುತ್ತದೆ, ಆಗ ಒಂದು ಕೋಣೆಯ ಕೆಲಸ ಎರಡಾಗುತ್ತದೆ. ಶುಚಿಗೊಳಿಸಿದ ಮಂಚವನ್ನು ಗೋಡೆಯಿಂದ ಒಂದು ಗೇಣು ದೂರವಿರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ಮಡಚಿ, ಕಾಲುಗಳ ಕೆಳಗೆ ಸೋಪಿನ ನೀರು ತುಂಬಿದ ಬಟ್ಟಲುಗಳನ್ನಿಟ್ಟು ಆ ಮಂಚದ ಮೇಲೆಯೇ ಮಲಗಿ. ಬರಿಯ ನುಣುಪು ಬಟ್ಟಲು ಸಾಲದು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಉಷ್ಣವಲಯದ ತಿಗಣೆ, ತಂಪು ದೇಶಗಳ ತಿಗಣೆಗಿಂತ ನುಣುಪಾದ ಗೋಡೆಯನ್ನು ಚೆನ್ನಾಗಿ ಹತ್ತುತ್ತದೆ. ಮನೆಯ ಮಾಲೀಕರಿಗೂ ಗೋಡೆ ಹಂಚಿಕೊಂಡಿರುವ ನೆರೆಯವರಿಗೂ ತಿಳಿಸಿ. ನಾಚಿಕೆಯಿಂದ ನಾವು ಮುಚ್ಚಿಟ್ಟೆವು, ಆಮೇಲೆ ತಿಳಿದರೆ ಮೇಲಿನ ಮನೆಯವರೂ ಅಷ್ಟೇ ದಿನದಿಂದ ಮುಚ್ಚಿಟ್ಟಿದ್ದರು.

ಮಗಳ ಬಗ್ಗೆ ಗಾಬರಿ ಬೇಡ. ತಿಗಣೆಯು ಕಾಲಾ ಅಜಾರ್ ಎಂಬ ಮಾರಕ ಜ್ವರವನ್ನು ಹರಡುತ್ತದೆಂದು 1907ರ ಸುಮಾರಿಗೆ ಮದರಾಸಿನಲ್ಲಿ ಪ್ಯಾಟನ್ ಎಂಬ ವೈದ್ಯಾಧಿಕಾರಿ ವಾದಿಸಿದ್ದರು. 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಅದು ಮರಳುನೊಣದ ಕೆಲಸವೆಂದು ಸಾಬೀತುಪಡಿಸಿದ ಮೇಲೆ ತಿಗಣೆಯ ಮೇಲಿನ ಆ ಆರೋಪ ಬಿದ್ದುಹೋಯಿತು. ತುರಿಸಿ ಗಾಯವಾಗಿ ಕೀವಾಗದಂತೆ ಉಗುರು ಕತ್ತರಿಸಿ, ತಣ್ಣೀರಿನ ಬಟ್ಟೆ ಹಾಕಿ. ದದ್ದು ಹರಡಿದರೆ ಅಥವಾ ಜ್ವರ ಬಂದರೆ ಚರ್ಮವೈದ್ಯರಿಗೆ ತೋರಿಸಿ.

ಮೂರು ಸುತ್ತು ಮುಗಿದ ಮೇಲೂ ಬಟ್ಟಲುಗಳನ್ನು ತೆಗೆಯಬೇಡಿ. ವಾರಕ್ಕೊಮ್ಮೆ ನೀರು ಬದಲಿಸುವಾಗ ಬೆಳಕಿಗೆ ಹಿಡಿದು ನೋಡಿ, ಬಿದ್ದದ್ದು ಮರಿಯೋ ದೊಡ್ಡದೋ ಎಂದು ಬರೆದಿಡಿ. ದೊಡ್ಡವೇ ಬೀಳುತ್ತಿದ್ದರೆ ನೀವು ನೋಡದ ಅಡಗುದಾಣ ಇನ್ನೊಂದಿದೆ ಎಂದರ್ಥ. ನಮ್ಮಲ್ಲಿ ಅದು ದೇವರ ಪಟದ ಚೌಕಟ್ಟಿನ ಹಿಂಭಾಗವಾಗಿತ್ತು. ಎಂಟು ವಾರ ಒಂದೂ ಬೀಳದೆ, ಯಾರನ್ನೂ ಕಚ್ಚದೆ ಕಳೆದ ಮೇಲೆ ನಾವು ಬಟ್ಟಲುಗಳನ್ನು ತೊಳೆದು ಒಳಗಿಟ್ಟೆವು.