ನಾಲ್ಕು ವರ್ಷದ ಮಗುವಿಗೆ ವಸಂತದಲ್ಲಿ ಪ್ರಕೃತಿಯಿಂದ ಏನು ಕಲಿಸಬಹುದು?

ಮಗಳಿಗೆ ನಾಲ್ಕು ವರ್ಷ, ಗಿಡಮರ ಚಿಗುರುವ ಕಾಲ ಬಂದಿದೆ, ಹೊರಗೆ ಕರೆದುಕೊಂಡು ಹೋಗಿ ಏನಾದರೂ ಕಲಿಸಬೇಕು ಅಂತ ಆಸೆ, ಆದರೆ ಪ್ರಿಂಟ್ ತೆಗೆದ ವರ್ಕ್‌ಶೀಟ್ ಮುಂದೆ ಅವಳು ಐದು ನಿಮಿಷ ಕೂರುವುದಿಲ್ಲ, ನಿಮಗೂ ಗಿಡ, ಹುಳುಗಳ ಹೆಸರು ಅಷ್ಟಾಗಿ ಗೊತ್ತಿಲ್ಲ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ವರ್ಕ್‌ಶೀಟ್ ಎತ್ತಿಡಿ. ಹೆಸರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಮೂರರಿಂದ ಐದು ವರ್ಷದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಮೊದಲ ವರ್ಷ ದಿನಕ್ಕೊಂದು ಚಟುವಟಿಕೆ ಅಂತ ಪಟ್ಟಿ ಮಾಡಿದ್ದೆ. ಸೋಮವಾರ ಎಲೆ, ಮಂಗಳವಾರ ಹೂವು, ಬುಧವಾರ ಚಿಟ್ಟೆ. ವಾರದ ಕೊನೆಗೆ ಕೇಳಿದರೆ ಮಕ್ಕಳಿಗೆ ಒಂದೂ ನೆನಪಿರಲಿಲ್ಲ. ಯಾವುದೂ ಬದಲಾಗುವುದನ್ನು ಅವರು ಕಣ್ಣಾರೆ ನೋಡಿರಲೇ ಇಲ್ಲ, ನೆನಪಿರುವುದಾದರೂ ಹೇಗೆ? ಈಗ ಒಂದೇ ವಸ್ತುವನ್ನು ಹಿಡಿದು ತುಂಬಾ ದಿನ ನೋಡುತ್ತೇವೆ.

ಬೀಜದಿಂದ ಶುರುಮಾಡಿ. ಹುರುಳಿಕಾಯಿಯ ದಪ್ಪ ಬೀಜ ಇದ್ದರೆ ಒಳ್ಳೆಯದು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಣ ಬೀಜ ಒಂದು ಕೈಗೆ, ನೆನೆದದ್ದು ಇನ್ನೊಂದು ಕೈಗೆ ಕೊಡಿ. ಸುಮ್ನೆ ಒತ್ತಿ ನೋಡಲಿ, ನೀವು ಏನೂ ಹೇಳಬೇಡಿ. ಆಮೇಲೆ ಗಾಜಿನ ಲೋಟದ ಒಳಗೋಡೆಗೆ ಒದ್ದೆ ಟಿಶ್ಯೂ ಪೇಪರ್ ಸುತ್ತಿ, ನಡುವೆ ಹತ್ತಿ ತುಂಬಿ, ಗಾಜಿಗೂ ಪೇಪರಿಗೂ ನಡುವೆ ಬೀಜ ಸಿಕ್ಕಿಸಿ. ಪೇಪರ್ ಒದ್ದೆಯಾಗಿದ್ದರೆ ಸಾಕು, ತಳದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಮೂರು ನಾಲ್ಕು ದಿನದಲ್ಲಿ ಸಿಪ್ಪೆ ಬಿರಿದು ಬೇರು ಹೊರಗೆ ಬರುತ್ತದೆ. ಎಲೆ ಮೊದಲು ಬರುತ್ತೆ ಅಂತ ಎಲ್ಲ ಮಕ್ಕಳೂ ಕಾಯುತ್ತಿರುತ್ತಾರೆ, ಬರುವುದು ಬೇರು!

ಬೇರು ಒಂದು ಬೆರಳುದ್ದ ಆದಮೇಲೆ ಲೋಟವನ್ನು ಅಡ್ಡ ಮಲಗಿಸಿ, ಬೀಜ ಪಕ್ಕದ ಗೋಡೆಯಲ್ಲಿರಲಿ. ಮಾರನೆಯ ದಿನ ನೋಡಿದರೆ ಬೇರಿನ ತುದಿ ಬಾಗಿ ಮತ್ತೆ ನೆಲದ ಕಡೆಗೆ ಹೊರಟಿರುತ್ತದೆ. ನಮ್ಮಲ್ಲಿ ಒಬ್ಬ ಹುಡುಗ ಲೋಟಕ್ಕೆ ಮೂಗು ತಾಗಿಸಿಕೊಂಡು, "ಅದಕ್ಕೆ ಕಣ್ಣಿಲ್ವಲ್ಲ, ಕೆಳಗೆ ಯಾವುದು ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿದ. ನನಗೆ ಮೈ ಜುಮ್ಮೆಂದಿತು, ಯಾಕೆಂದರೆ ಥಾಮಸ್ ಆಂಡ್ರ್ಯೂ ನೈಟ್ ಅನ್ನುವ ಇಂಗ್ಲೆಂಡಿನ ಸಸ್ಯವಿಜ್ಞಾನಿ 1806ರಲ್ಲಿ ತಿರುಗುವ ಚಕ್ರಕ್ಕೆ ಬೀಜ ಕಟ್ಟಿ ಹುಡುಕಿದ್ದು ಇದನ್ನೇ. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಪುಟ್ಟ ಕಣಗಳಿವೆ, ಅವು ಕೆಳಕ್ಕೆ ಜಾರಿ ಕೂರುತ್ತವೆ, ಬೇರು ಅದರಿಂದ ದಿಕ್ಕು ತಿಳಿಯುತ್ತದೆ. ಅವನಿಗೆ ನಾನು ಬಾಟಲಿಗೆ ಸ್ವಲ್ಪ ಮರಳು ಹಾಕಿ, ಅಡ್ಡ ತಿರುಗಿಸಿ ತೋರಿಸಿದೆ. ಅಷ್ಟು ಸಾಕಾಯಿತು, ಇಡೀ ದಿನ ಬಾಟಲಿ ಕೆಳಗಿಡಲಿಲ್ಲ.

ಹೊರಗೆ ಹೋದಾಗ ಅವಳ ಕೈಗೆಟಕುವ ಒಂದು ಕೊಂಬೆಗೆ ಬಣ್ಣದ ದಾರ ಕಟ್ಟಿ. ಅದು ಅವಳ ಕೊಂಬೆ. ದಿನಾ ಹೋಗಿ ಮಾತಾಡಿಸಿಕೊಂಡು ಬನ್ನಿ. ಮೊಗ್ಗು ಬಿರಿಯುವುದು, ಎಷ್ಟೋ ಮರಗಳಲ್ಲಿ ಚಿಗುರು ಕೆಂಪಗೆ ಬಂದು ಆಮೇಲೆ ಹಸಿರಾಗುವುದು, ಎಲೆಯ ಅಡಿಯಲ್ಲಿ ಯಾರೋ ಮೊಟ್ಟೆ ಇಟ್ಟು ಹೋಗಿರುವುದು, ಎಲ್ಲಾ ಅಲ್ಲೇ ಸಿಗುತ್ತದೆ. ಒಂದಿಷ್ಟು ಮಣ್ಣೂ ಅವಳದೇ ಅಂತ ಇರಲಿ, ಒಂದು ಕುಂಡವಾದರೂ ಸರಿ. ಫ್ರೆಡ್ರಿಕ್ ಫ್ರೋಬೆಲ್ ಜರ್ಮನಿಯಲ್ಲಿ 1837ರಲ್ಲಿ ಶುರುಮಾಡಿದ ಶಾಲೆಗೆ ಆಮೇಲೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಅಂತ ಹೆಸರಿಟ್ಟರು. ಅವರು ಒಬ್ಬೊಬ್ಬ ಮಗುವಿಗೂ ಒಂದೊಂದು ಪಾತಿ ಇರಬೇಕು ಅಂದವರು. ಇವತ್ತು ಅದೇ ಹೆಸರಿನ ಎಷ್ಟೋ ಶಾಲೆಗಳಲ್ಲಿ ಹಿಡಿ ಮಣ್ಣೂ ಇಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ಇನ್ನು ಹೆಸರು. "ಇದೇನು?" ಅಂದ ತಕ್ಷಣ ಉತ್ತರ ಕೊಟ್ಟರೆ ಮಗು ಮುಂದಕ್ಕೆ ಓಡುತ್ತದೆ. ನಿಮಗೆ ಗೊತ್ತಿಲ್ಲದಿರುವುದು ಅನುಕೂಲವೇ. "ನೀನೇ ಒಂದು ಹೆಸರಿಡು" ಅನ್ನಿ. ಕಲ್ಲಿನಡಿ ಸಿಕ್ಕ, ಮುಟ್ಟಿದರೆ ಗುಂಡಗಾಗುವ ಪುಟ್ಟ ಬೂದು ಹುಳಕ್ಕೆ ನಮ್ಮ ಹುಡುಗಿಯೊಬ್ಬಳು ಚೆಂಡುಹುಳ ಅಂದಳು. ಭೂತಗನ್ನಡಿ ಹಿಡಿದು ಕಾಲು ಎಣಿಸಿದೆವು. ಇರುವೆಗೆ ಆರು, ಜೇಡಕ್ಕೆ ಎಂಟು, ಇದಕ್ಕೆ ಹದಿನಾಲ್ಕು! ಆಮೇಲೆ ಹುಡುಕಿದರೆ ಅದು ಕೀಟವೇ ಅಲ್ಲ, ಏಡಿಯ ಬಳಗ. ಎಣಿಕೆ, ಹೋಲಿಕೆ, ಹೊಸ ಮಾತು, ಮೂರೂ ಒಂದು ಕಲ್ಲಿನ ಕೆಳಗೆ ಸಿಕ್ಕಿತು. ಕಲ್ಲನ್ನು ಮತ್ತೆ ಮೆಲ್ಲಗೆ ಹಾಗೇ ಇಡುವುದನ್ನೂ ಅವಳೇ ಮಾಡಲಿ.

ಕೂದಲಿರುವ ಕಂಬಳಿಹುಳು ಮುಟ್ಟಬಾರದು, ಗೊತ್ತಿಲ್ಲದ ಕಾಯಿ ಬಾಯಿಗಿಡಬಾರದು, ಹಕ್ಕಿ ಗೂಡನ್ನು ದೂರದಿಂದಲೇ ನೋಡಬೇಕು, ಎರೆಹುಳು ಎತ್ತುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಅದು ಚರ್ಮದಿಂದಲೇ ಉಸಿರಾಡುವುದರಿಂದ ಒಣಗಿದರೆ ಸಾಯುತ್ತದೆ. ಮನೆಗೆ ಬಂದಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಇವತ್ತು ರಾತ್ರಿಯೇ ಬೀಜ ನೆನೆಹಾಕಿ, ಒಂದೆರಡು ಜಾಸ್ತಿಯೇ ಇರಲಿ. ಬೆಳಿಗ್ಗೆ ಒಂದರ ಸಿಪ್ಪೆ ಸುಲಿದು, ಎರಡು ಹೋಳನ್ನು ಅವಳ ಉಗುರಿನಿಂದಲೇ ನಿಧಾನವಾಗಿ ಬಿಡಿಸಲು ಹೇಳಿ. ಒಂದು ಹೋಳಿನ ಅಂಚಿನಲ್ಲಿ ಪುಟ್ಟ ಬೇರಿನ ಮೊನೆ, ಅದಕ್ಕೆ ಅಂಟಿಕೊಂಡು ಮಡಚಿಟ್ಟ ಎರಡು ಬಿಳಿ ಎಲೆಗಳು ಇರುತ್ತವೆ. ಭೂತಗನ್ನಡಿ ಹಿಡಿದರೆ ಅವುಗಳ ನರಗಳೂ ಕಾಣುತ್ತವೆ.